ಗ್ರಹಗಳೆಷ್ಟು?

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಎಂಟನೆಯ ತರಗತಿಯ ಬಾಲಿಕೆಯೊಬ್ಬಳು ನಮ್ಮ ಕೊಠಡಿಯ ಬಾಗಿಲಲ್ಲಿ ನಿಂತು, "ಟೀಚರ್, ಒಂದು ಸಂದೇಹ" ಎಂದಳು. ಒಳಗೆ ಕರೆದು ವಿಚಾರಿಸಲಾಗಿ ಅವಳು ಹೇಳಿದುದು ಇಷ್ಟು: "ಗ್ರಹಗಳು ಎಷ್ಟೆಂದು ಮನೆಯಲ್ಲಿ ಮಾತು ಬಂತು. ಅಜ್ಜಿ ಒಂಬತ್ತು ಎಂದರು. ಅಮ್ಮನೂ ಒಂಬತ್ತು ಎಂದರು. ಆದರೆ ಅಜ್ಜಿಯ ಒಂಬತ್ತೇ ಬೇರೆ, ಅಮ್ಮನ ಒಂಬತ್ತೇ ಬೇರೆ. ನಮ್ಮ ಪುಸ್ತಕದಲ್ಲಿ ಎಂಟು ಎಂದಿದೆ. ಹಾಗೆ ಹೇಳಿದರೆ ಅಮ್ಮ ಒಪ್ಪುವುದಿಲ್ಲ. 'ಒಂಬತ್ತು ಎಂದು ನನಗೆ ಕಲಿಸಿದವರೇ ಈಗ ನಿಮ್ಮ ಹೆಡ್‌ಮಿಸ್ಟ್ರೆಸ್. ಬೇಕಾದರೆ ಅವರನ್ನೇ ಹೋಗಿ ಕೇಳು' ಎನ್ನುತ್ತಾರೆ."

ಆ ತಾಯಿಯ ಮಾತು ನಿಜವೇ. ನಾವು ತರಬೇತಿ ಮುಗಿಸಿ ಈ ಶಾಲೆಗೆ ಹೊಸದಾಗಿ ಬಂದ ವರ್ಷಗಳಲ್ಲಿ ಆಕೆ ನಮ್ಮ ವಿದ್ಯಾರ್ಥಿನಿಯಾಗಿದ್ದಳು. ಬುಧನಿಂದ ಮೊದಲುಗೊಂಡು ಪ್ಲೂಟೊವಿನವರೆಗೆ ಒಂಬತ್ತು ಹೆಸರುಗಳನ್ನು ಕರಿಹಲಗೆಯ ಮೇಲೆ ಬರೆದು, ತರಗತಿಯೆಲ್ಲ ಒಂದೇ ದನಿಯಲ್ಲಿ ಹೇಳುವಂತೆ ಬಾಯಿಪಾಠ ಮಾಡಿಸಿದವರು ನಾವೇ. ಅಂದು ಕಲಿತವರು ಇಂದು ಗೃಹಿಣಿಯರೂ ದಾದಿಯರೂ ಉಪಾಧ್ಯಾಯಿನಿಯರೂ ಆಗಿ ಹಲವು ಊರುಗಳಲ್ಲಿ ಇದ್ದಾರೆ. ಗುರುವಿನ ಮಾತನ್ನು ಇಷ್ಟು ಕಾಲ ನಂಬಿಕೊಂಡಿರುವುದು ಅವರ ಗುಣ. ಆದರೆ ಅದೇ ಮಾತು ಅವರ ಮಕ್ಕಳ ಕಲಿಕೆಗೆ ಅಡ್ಡಿಯಾಗಕೂಡದು. ಆದಕಾರಣ ಈ ಸಂಚಿಕೆಗೆ ಒಂದು ಲೇಖನ ಬರೆಯಬೇಕೆಂದು ಕೇಳಿಬಂದಾಗ, ಆ ಬಾಲಿಕೆಯ ಪ್ರಶ್ನೆಗೆ ಸಾವಕಾಶವಾಗಿ ಉತ್ತರ ಬರೆಯುವುದೇ ಯೋಗ್ಯವೆಂದು ನಮಗೆ ತೋರಿತು. ಇದು ಚಿಕ್ಕವರಿಗೆ ಪಾಠ. ಹಳೆಯ ವಿದ್ಯಾರ್ಥಿನಿಯರಿಗೆ ತಿದ್ದುಪಡಿ.

ಮೊದಲು ಅಜ್ಜಿಯ ಒಂಬತ್ತನ್ನು ನೋಡೋಣ. ರವಿ, ಚಂದ್ರ, ಮಂಗಳ, ಬುಧ, ಗುರು, ಶುಕ್ರ, ಶನಿ, ರಾಹು, ಕೇತು ಎಂಬಿವೇ ಆ ಒಂಬತ್ತು. ಇವುಗಳಲ್ಲಿ ಮೊದಲಿನ ಏಳು ಯಾವ ಯಂತ್ರದ ಸಹಾಯವೂ ಇಲ್ಲದೆ ಬರಿಗಣ್ಣಿಗೆ ಕಾಣತಕ್ಕವು. ವಾರದ ಏಳು ದಿನಗಳಿಗೆ ಹೆಸರು ಬಂದದ್ದೂ ಇವುಗಳಿಂದಲೇ. ಕೊನೆಯ ಎರಡು ಕಣ್ಣಿಗೆ ಕಾಣುವ ಕಾಯಗಳಲ್ಲ. ಆಕಾಶದಲ್ಲಿ ಸೂರ್ಯನು ನಡೆಯುವಂತೆ ತೋರುವ ಹಾದಿಯನ್ನು ಚಂದ್ರನ ಹಾದಿಯು ಎರಡು ಕಡೆಗಳಲ್ಲಿ ದಾಟುತ್ತದೆ. ಆ ಎರಡು ಸಂಧಿಸ್ಥಾನಗಳಿಗೆ ರಾಹು, ಕೇತು ಎಂದು ಹೆಸರು. ಅಮಾವಾಸ್ಯೆಯಾಗಲಿ ಹುಣ್ಣಿಮೆಯಾಗಲಿ ಈ ಸ್ಥಾನಗಳ ಸಮೀಪದಲ್ಲಿ ಒದಗಿದರೆ ಮಾತ್ರ ಗ್ರಹಣವಾಗುವುದು. ಗ್ರಹಣದ ದಿನವನ್ನು ಮುಂದಾಗಿ ತಿಳಿಯಲು ಪಂಚಾಂಗದವರು ಈ ಎರಡು ಬಿಂದುಗಳ ಲೆಕ್ಕವನ್ನು ಇಟ್ಟುಕೊಂಡೇ ಬಂದಿದ್ದಾರೆ.

ಹಾಗಾದರೆ ಅಜ್ಜಿಯ ಎಣಿಕೆಯಲ್ಲಿ ಅರ್ಥವಿಲ್ಲವೆಂದು ಹೇಳಲಾಗದು. ನಕ್ಷತ್ರಗಳು ಒಂದಕ್ಕೊಂದು ಇರುವ ಅಂತರವನ್ನು ಬಿಡದೆ ಮೂಡಿ ಮುಳುಗುತ್ತಿರಲು, ಅವುಗಳ ನಡುವೆ ಸ್ಥಳ ಬದಲಾಯಿಸುತ್ತ ಸಾಗುವವುಗಳನ್ನು ಹಿರಿಯರು ಬೇರೆಯಾಗಿ ಗುರುತಿಸಿ ಗ್ರಹಗಳೆಂದು ಕರೆದರು. ಆ ಅರ್ಥದಲ್ಲಿ ಸೂರ್ಯಚಂದ್ರರೂ ಗ್ರಹಗಳೇ. ಭೂಮಿಯು ಗ್ರಹವಲ್ಲ, ಏಕೆಂದರೆ ನಾವು ಅದರ ಮೇಲೆ ನಿಂತು ನೋಡುವವರು. ಗುರುವು ಒಂದೊಂದು ರಾಶಿಯಲ್ಲಿ ಸುಮಾರು ಒಂದು ವರ್ಷವೂ ಶನಿಯು ಸುಮಾರು ಎರಡೂವರೆ ವರ್ಷವೂ ಇರುವರೆಂದು ಅಜ್ಜಿ ಹೇಳುವರಷ್ಟೆ. ಹನ್ನೆರಡು ರಾಶಿಗಳಿಂದ ಗುಣಿಸಿ ನೋಡಿರಿ: ಹನ್ನೆರಡು ವರ್ಷ, ಮೂವತ್ತು ವರ್ಷ. ಇಂದಿನ ಸೂಕ್ಷ್ಮ ಲೆಕ್ಕದಲ್ಲಿ ಗುರುವು ಸೂರ್ಯನನ್ನು ಒಂದು ಸುತ್ತು ಬರಲು 11.9 ವರ್ಷಗಳೂ ಶನಿಯು 29.5 ವರ್ಷಗಳೂ ಬೇಕು. ಗಾಜಿನ ಯಂತ್ರವಿಲ್ಲದ ಕಾಲದಲ್ಲಿ ಕೇವಲ ತಾಳ್ಮೆಯಿಂದ ಇಷ್ಟನ್ನು ಕಂಡುಹಿಡಿದವರನ್ನು ನಾವು ಗೌರವಿಸಬೇಕು.

ಎಣಿಕೆಯು ಬದಲಾದುದು ಹೇಗೆ? ಕ್ರಿ. ಶ. 499ರಲ್ಲಿ ಆರ್ಯಭಟನು, ಭೂಮಿಯೇ ತನ್ನಷ್ಟಕ್ಕೆ ತಾನು ತಿರುಗುವ ಕಾರಣ ನಕ್ಷತ್ರಗಳು ಪಶ್ಚಿಮಕ್ಕೆ ಸರಿಯುವಂತೆ ಕಾಣುವುವೆಂದೂ, ಗ್ರಹಣಗಳಿಗೆ ಭೂಮಿಚಂದ್ರರ ನೆರಳೇ ಕಾರಣವೆಂದೂ ತಿಳಿಸಿದನು. ಬಹುಕಾಲದ ಮೇಲೆ, 1543ರಲ್ಲಿ, ಪೋಲೆಂಡಿನ ಕೊಪರ್ನಿಕಸನ ಗ್ರಂಥವು ಅಚ್ಚಾಯಿತು. ಸೂರ್ಯನನ್ನು ನಡುವೆ ಇಟ್ಟು, ಭೂಮಿಯೂ ಸೇರಿದಂತೆ ಎಲ್ಲ ಗ್ರಹಗಳೂ ಅವನನ್ನು ಸುತ್ತುವುವೆಂದು ಅವನು ಲೆಕ್ಕಹಾಕಿದ್ದನು. 1610ರ ಜನವರಿಯಲ್ಲಿ ಇಟಲಿಯ ಗೆಲಿಲಿಯೊ ತನ್ನ ದೂರದರ್ಶಕದಿಂದ ಗುರುವಿನ ಸುತ್ತ ನಾಲ್ಕು ಚಂದ್ರರನ್ನು ಕಂಡನು. ಆಕಾಶದಲ್ಲಿರುವುದೆಲ್ಲ ಭೂಮಿಯನ್ನೇ ಸುತ್ತಬೇಕೆಂಬ ನಿಯಮವಿಲ್ಲವೆಂಬುದು ಅಂದು ಕಣ್ಣಿಗೆ ಕಂಡಿತು. ಹೀಗೆ ಗ್ರಹವೆಂಬ ಮಾತಿಗೆ ಹೊಸ ಅರ್ಥವುಂಟಾಯಿತು: ಸೂರ್ಯನನ್ನು ಸುತ್ತುವುದು ಗ್ರಹ. ಸೂರ್ಯನು ಪಟ್ಟಿಯಿಂದ ಹೊರಬಂದನು, ಚಂದ್ರನು ಭೂಮಿಯ ಉಪಗ್ರಹವಾದನು, ಭೂಮಿಯು ಒಳಸೇರಿತು. ಬುಧ, ಶುಕ್ರ, ಭೂಮಿ, ಮಂಗಳ, ಗುರು, ಶನಿ: ಆಗ ಗ್ರಹಗಳು ಆರು.

ಏಳನೆಯದು ದೊರೆತುದು 1781ರ ಮಾರ್ಚ್ 13ರಂದು. ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ ಸಂಗೀತ ಕಲಿಸಿ ಜೀವಿಸುತ್ತಿದ್ದ ವಿಲಿಯಂ ಹರ್ಷೆಲನು ತಾನೇ ಮಾಡಿದ ದೂರದರ್ಶಕದಿಂದ ನೋಡುತ್ತಿರಲು, ನಕ್ಷತ್ರಗಳ ಹಾಗೆ ಚುಕ್ಕೆಯಾಗಿರದೆ ಸಣ್ಣ ಬಿಲ್ಲೆಯ ಹಾಗೆ ತೋರುವ ಒಂದು ಕಾಯವನ್ನು ಕಂಡನು. ಧೂಮಕೇತುವಿರಬೇಕೆಂದು ಅವನು ಮೊದಲು ತಿಳಿದನು. ಅದು ಹೊಸ ಗ್ರಹವೆಂದು ಮುಂದೆ ಗೊತ್ತಾಯಿತು. ಅದೇ ಯುರೇನಸ್. ಈ ಹರ್ಷೆಲನ ತಂಗಿ ಕ್ಯಾರೊಲೈನಳ ವಿಷಯವನ್ನು ನಮ್ಮ ಬಾಲಿಕೆಯರು ಅರಿಯಲೇಬೇಕು. ಬಾಲ್ಯದ ಕಾಯಿಲೆಯಿಂದ ಅವಳ ಮೈಬೆಳವಣಿಗೆ ಕುಂಠಿತವಾಗಿತ್ತು. ಮನೆಗೆಲಸಕ್ಕೆ ಮಾತ್ರ ಅವಳು ಸಾಕೆಂದು ತಾಯಿ ತಿಳಿದಿದ್ದಳು. ಅಣ್ಣನು ಗಂಟೆಗಟ್ಟಲೆ ಕೈಬಿಡದೆ ದರ್ಪಣವನ್ನು ಉಜ್ಜುತ್ತಿರುವಾಗ ಅವನ ಬಾಯಿಗೆ ತುತ್ತು ಕೊಡುತ್ತ, ರಾತ್ರಿಯೆಲ್ಲ ಅವನು ಹೇಳಿದ ಲೆಕ್ಕವನ್ನು ಬರೆದುಕೊಳ್ಳುತ್ತ ಅವಳು ಈ ವಿದ್ಯೆಯನ್ನು ಕಲಿತಳು. 1786ರಲ್ಲಿ ತಾನೇ ಒಂದು ಧೂಮಕೇತುವನ್ನು ಕಂಡುಹಿಡಿದಳು. ಮರುವರ್ಷ ಅವಳ ಕೆಲಸಕ್ಕೆ ಅರಸನಿಂದ ವರ್ಷಕ್ಕೆ 50 ಪೌಂಡುಗಳ ವೇತನ ದೊರೆಯಿತು. 1828ರಲ್ಲಿ ಲಂಡನಿನ ಖಗೋಳ ಸಂಘವು ಅವಳಿಗೆ ಚಿನ್ನದ ಪದಕವನ್ನು ಕೊಟ್ಟಿತು.

ಇಲ್ಲಿಂದ ಮುಂದಿನ ಕಥೆಯನ್ನು ಹಳೆಯ ವಿದ್ಯಾರ್ಥಿನಿಯರು ಗಮನವಿಟ್ಟು ಓದಬೇಕು. 1801ರ ಜನವರಿ 1ರಂದು, ಸಿಸಿಲಿ ದ್ವೀಪದ ಪಲೆರ್ಮೊ ನಗರದಲ್ಲಿ ಪಿಯಾಜಿ ಎಂಬವನು ಮಂಗಳ ಗುರುಗಳ ನಡುವೆ ಸಿರಿಸ್ ಎಂಬ ಕಾಯವನ್ನು ಕಂಡನು. ಅದನ್ನು ಗ್ರಹವೆಂದು ಎಣಿಸಿದರು. 1807ರೊಳಗೆ ಅದೇ ಪ್ರದೇಶದಲ್ಲಿ ಪಲ್ಲಾಸ್, ಜೂನೊ, ವೆಸ್ಟಾ ಎಂಬ ಇನ್ನು ಮೂರು ದೊರೆತುವು. ಆಗ ಗ್ರಹಗಳು ಹನ್ನೊಂದಾದುವು. ಮೂವತ್ತು ವರ್ಷಗಳಿಗೂ ಮಿಕ್ಕಿ ಆ ಎಣಿಕೆಯೇ ನಡೆಯಿತು. ಆದರೆ 1845ರಿಂದ ಅಲ್ಲಿ ಮತ್ತೆ ಮತ್ತೆ ಸಣ್ಣ ಕಾಯಗಳು ಕಾಣಿಸಿಕೊಂಡು, 1851ರ ಕೊನೆಯೊಳಗೆ ಅವು ಹದಿನೈದಾದುವು. ಇವು ಒಂದೊಂದೂ ಗ್ರಹವಲ್ಲ, ಗುಂಪಾಗಿ ಸುತ್ತುವ ಚೂರುಗಳೆಂದು ವಿದ್ವಾಂಸರು ಮನಗಂಡು, ಅವುಗಳನ್ನು ಪಟ್ಟಿಯಿಂದ ತೆಗೆದು ಕ್ಷುದ್ರಗ್ರಹಗಳೆಂದು ಬೇರೆ ಹೆಸರಿಟ್ಟರು. ಎಣಿಕೆಯನ್ನು ತಿದ್ದಬೇಕಾಗಿ ಬಂದ ಉಪಾಧ್ಯಾಯಿನಿಯರಲ್ಲಿ ನಾವೇ ಮೊದಲಿಗರಲ್ಲವೆಂದು ತಿಳಿದು ನಮಗೆ ಸ್ವಲ್ಪ ಸಮಾಧಾನವಾಯಿತು.

ಈ ನಡುವೆ ಇನ್ನೊಂದು ಗ್ರಹವು ದೊರೆತಿತ್ತು. ಯುರೇನಸ್ ತನ್ನ ಲೆಕ್ಕದ ಹಾದಿಯನ್ನು ಬಿಟ್ಟು ತುಸು ಅತ್ತಿತ್ತ ಸರಿಯುತ್ತಿದ್ದಿತು. ಅದರಾಚೆ ಇರುವ ಯಾವುದೋ ಕಾಯವು ಅದನ್ನು ಸೆಳೆಯುತ್ತಿರಬೇಕೆಂದು ಊಹಿಸಿ, ಫ್ರಾನ್ಸಿನ ಲೆವೆರಿಯೆ ಎಂಬ ಗಣಿತಜ್ಞನು ಅದು ಇರಬೇಕಾದ ಸ್ಥಳವನ್ನು ಕಾಗದದ ಮೇಲೆಯೇ ಲೆಕ್ಕಹಾಕಿ ಬರ್ಲಿನ್ ನಗರಕ್ಕೆ ಬರೆದು ಕಳುಹಿಸಿದನು. 1846ರ ಸೆಪ್ಟೆಂಬರ್ 23ರಂದು ಆ ಪತ್ರವು ತಲುಪಿತು; ಆ ರಾತ್ರಿಯೇ ಗಾಲೆ ಎಂಬವನು ದೂರದರ್ಶಕವನ್ನು ತಿರುಗಿಸಿ ನೋಡಲಾಗಿ, ಹೇಳಿದ ಸ್ಥಳದಿಂದ ಒಂದು ಅಂಶದೊಳಗೆ ನೆಪ್ಚೂನ್ ಕಂಡಿತು. "ಈ ಲೆಕ್ಕಗಳಿಂದ ಏನು ಪ್ರಯೋಜನ?" ಎಂದು ಗಣಿತದ ತರಗತಿಯಲ್ಲಿ ಕೇಳುವವರು ಈ ಸಂಗತಿಯನ್ನು ನೆನಪಿನಲ್ಲಿಡಬೇಕು. ಹೀಗೆ ಗ್ರಹಗಳು ಎಂಟಾದುವು.

ಒಂಬತ್ತನೆಯದು ಬಂದುದು 1930ರಲ್ಲಿ. ಅಮೆರಿಕದ ಲೊವೆಲ್ ವೀಕ್ಷಣಾಲಯದಲ್ಲಿ ಕ್ಲೈಡ್ ಟಾಂಬೊ ಎಂಬ ಇಪ್ಪತ್ತನಾಲ್ಕು ವರ್ಷದ ರೈತನ ಮಗನು, ಬೇರೆ ಬೇರೆ ರಾತ್ರಿಗಳಲ್ಲಿ ತೆಗೆದ ಛಾಯಾಚಿತ್ರಗಳನ್ನು ಹೋಲಿಸಿ ನೋಡುತ್ತಿರಲು ಒಂದು ಸೂಕ್ಷ್ಮವಾದ ಚುಕ್ಕೆಯು ಸ್ಥಳ ಬದಲಾಯಿಸಿರುವುದನ್ನು ಕಂಡನು. ಅದಕ್ಕೆ ಹೆಸರು ಸೂಚಿಸಿದವಳು ಇಂಗ್ಲೆಂಡಿನ ಆಕ್ಸ್‌ಫರ್ಡಿನ ಹನ್ನೊಂದು ವರ್ಷದ ಬಾಲಿಕೆ, ವೆನೀಷಿಯಾ ಬರ್ನಿ. ಬೆಳಗಿನ ಉಪಾಹಾರದ ವೇಳೆಯಲ್ಲಿ ಅವಳ ಅಜ್ಜನು ವೃತ್ತಪತ್ರಿಕೆಯಲ್ಲಿದ್ದ ಈ ಸಮಾಚಾರವನ್ನು ಓದಿ ಹೇಳಿದಾಗ, "ಪ್ಲೂಟೊ ಎಂದು ಕರೆಯಬಹುದಲ್ಲವೇ?" ಎಂದಳಂತೆ. ಅಜ್ಜನು ಖಗೋಳಶಾಸ್ತ್ರಿಯೊಬ್ಬರಿಗೆ ತಿಳಿಸಲು, ಅವರು ಅಮೆರಿಕಕ್ಕೆ ತಂತಿ ಕಳುಹಿಸಿದರು. ಆ ಹೆಸರೇ ನಿಂತಿತು. ಆ ಬಾಲಿಕೆ ಮುಂದೆ ನಮ್ಮ ಹಾಗೆಯೇ ಉಪಾಧ್ಯಾಯಿನಿಯಾಗಿ 2009ರವರೆಗೆ ಜೀವಿಸಿದ್ದಳು.

ನಾವು ಕಲಿತದ್ದೂ ಕಲಿಸಿದ್ದೂ ಈ ಒಂಬತ್ತನ್ನೇ. ಆದರೆ ಸಿರಿಸಿಗೆ ಆದುದೇ ಪ್ಲೂಟೊವಿಗೂ ಆಯಿತು. 1992ರಲ್ಲಿ ಡೇವಿಡ್ ಜ್ಯೂಯಿಟ್ ಮತ್ತು ವಿಯೆಟ್ನಾಮಿನಲ್ಲಿ ಹುಟ್ಟಿದ ಜೇನ್ ಲೂ ಎಂಬ ಮಹಿಳೆ ಸೇರಿ ನೆಪ್ಚೂನಿನಾಚೆ ಒಂದು ಸಣ್ಣ ಹಿಮಕಾಯವನ್ನು ಕಂಡರು. ಬಳಿಕ ಅಂಥವು ನೂರಾರು ದೊರೆತುವು. ಪ್ಲೂಟೊ ಒಂಟಿಯಾಗಿರಲಿಲ್ಲ, ದೊಡ್ಡ ಗುಂಪಿನಲ್ಲಿ ಒಂದಾಗಿದ್ದಿತು. 2005ರಲ್ಲಿ ಪ್ಲೂಟೊವಿನಷ್ಟೇ ದೊಡ್ಡದೆನ್ನಬಹುದಾದ ಎರಿಸ್ ಕಾಣಿಸಲು, ಇದನ್ನು ಹತ್ತನೆಯ ಗ್ರಹವೆನ್ನಬೇಕೇ, ಇಲ್ಲವೇ ಪ್ಲೂಟೊವನ್ನೂ ಬಿಡಬೇಕೇ ಎಂಬ ಪ್ರಶ್ನೆ ಎದ್ದಿತು. 2006ರ ಆಗಸ್ಟ್ 24ರಂದು ಪ್ರಾಗ್ ನಗರದಲ್ಲಿ ನೆರೆದ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಸದಸ್ಯರು ಮತ ಹಾಕಿ ಮೂರು ಲಕ್ಷಣಗಳನ್ನು ಗೊತ್ತುಮಾಡಿದರು. ಒಂದನೆಯದು, ಗ್ರಹವು ಸೂರ್ಯನನ್ನು ಸುತ್ತಬೇಕು. ಎರಡನೆಯದು, ತನ್ನ ಸೆಳೆತದಿಂದಲೇ ಉಂಡೆಯಾಕಾರವನ್ನು ತಾಳುವಷ್ಟು ಭಾರವಿರಬೇಕು. ಮೂರನೆಯದು, ತನ್ನ ಹಾದಿಯ ನೆರೆಹೊರೆಯಲ್ಲಿ ತನಗೆ ಸಮನಾದ ಬೇರೆ ಕಾಯಗಳಿಲ್ಲದಂತೆ ತೆರವು ಮಾಡಿಕೊಂಡಿರಬೇಕು. ಪ್ಲೂಟೊವಿಗೆ ಮೊದಲಿನ ಎರಡು ಲಕ್ಷಣಗಳುಂಟು, ಮೂರನೆಯದಿಲ್ಲ. ಅದು ಕಾರಣ ಸಿರಿಸ್, ಎರಿಸ್, ಹೌಮಿಯಾ, ಮಾಕೆಮಾಕೆ ಎಂಬಿವುಗಳೊಡನೆ ಅದನ್ನು ಕುಬ್ಜಗ್ರಹವೆಂದು ಕರೆಯುವರು. ಈ ತೀರ್ಮಾನವನ್ನು ಒಪ್ಪದ ವಿದ್ವಾಂಸರೂ ಉಂಟು. ಆದರೆ ಈಗ ಶಾಲೆಯಲ್ಲಿ ಕಲಿಸತಕ್ಕ ಎಣಿಕೆ ಎಂಟು.

ಇಷ್ಟನ್ನು ಹೇಳಿದ ಮೇಲೆ ಆ ಬಾಲಿಕೆ, "ಎಂಟೂ ನಮ್ಮ ಗೋಡೆಯ ಪಟದಲ್ಲಿ ಸಾಲಾಗಿ ಇವೆಯಲ್ಲ, ಟೀಚರ್" ಎಂದಳು. ಆ ಪಟವು ಹೆಸರು ಕಲಿಯಲು ಒಳ್ಳೆಯದು; ಅಳತೆಗೆ ಮಾತ್ರ ನಂಬತಕ್ಕದ್ದಲ್ಲ. ಮಳೆ ಬಿಟ್ಟ ಮೇಲೆ ಒಂದು ಶನಿವಾರ ತರಗತಿಯವರನ್ನೆಲ್ಲ ಆಟದ ಬಯಲಿಗೆ ಕರೆದುಕೊಂಡು ಹೋಗಿ, ಹಾಸ್ಟೆಲಿನ ಅಡಿಗೆಮನೆಯಿಂದ ತಂದ ಸಾಮಾನುಗಳಿಂದಲೇ ಸೌರಮಂಡಲವನ್ನು ಹೂಡಿದೆವು. ನೀವೂ ಮನೆಯಲ್ಲಿ ಮಾಡಿ ನೋಡಬಹುದು.

ಒಂದು ಗೇಣು ಅಗಲದ ಕುಂಬಳಕಾಯಿ ಸೂರ್ಯನಾಗಲಿ. ನಿಜವಾದ ಸೂರ್ಯನ ಅಡ್ಡಳತೆ ಸುಮಾರು 14 ಲಕ್ಷ ಕಿಲೋಮೀಟರು. ಸೌರಮಂಡಲದ ಒಟ್ಟು ದ್ರವ್ಯದಲ್ಲಿ ನೂರಕ್ಕೆ 99.8 ಭಾಗ ಅವನಲ್ಲಿಯೇ ಇದೆ. ಈ ಅಳತೆಯಲ್ಲಿ ಬುಧನು ಒಂದು ಗಸಗಸೆ ಕಾಳು. ಕುಂಬಳಕಾಯಿಯಿಂದ 9 ಮೀಟರು ದೂರದಲ್ಲಿ ಅದನ್ನು ಇಡಬೇಕು. 88 ದಿನಗಳಲ್ಲಿ ಅವನ ಒಂದು ವರ್ಷ ಮುಗಿಯುವುದು. ಹೊದೆಯಲು ವಾಯುಮಂಡಲವಿಲ್ಲದ ಕಾರಣ ಅಲ್ಲಿ ಹಗಲು 430 ಡಿಗ್ರಿಗಳ ಕಾವು, ರಾತ್ರಿ ಸೊನ್ನೆಗಿಂತ 180 ಡಿಗ್ರಿ ಕೆಳಗಿನ ಚಳಿ. ಶುಕ್ರನು 17 ಮೀಟರು ದೂರದಲ್ಲಿ ಒಂದು ಸಾಸಿವೆ ಕಾಳು. ನಾವು ಬೆಳ್ಳಿಯೆಂದು ಕರೆಯುವ ಈ ಚೆಲುವಾದ ಚುಕ್ಕೆಯನ್ನು ದಟ್ಟವಾದ ಇಂಗಾಲಾಮ್ಲ ವಾಯುವು ಕಂಬಳಿಯ ಹಾಗೆ ಮುಚ್ಚಿರುವುದರಿಂದ, ಅದರ ನೆಲವು ಬುಧನಿಗಿಂತಲೂ ಹೆಚ್ಚಾಗಿ, ಸೀಸವು ಕರಗುವಷ್ಟು ಕಾದಿರುವುದು.

23½ ಮೀಟರು ದೂರದಲ್ಲಿ ಇನ್ನೊಂದು ಸಾಸಿವೆ ಕಾಳು. ಅದೇ ನಮ್ಮ ಭೂಮಿ. ಅದರ ಪಕ್ಕದಲ್ಲಿ ಆರು ಸೆಂಟಿಮೀಟರು ಬಿಟ್ಟು ರವೆಯ ಒಂದು ಕಣವನ್ನಿಟ್ಟರೆ ಚಂದ್ರನಾಯಿತು. ಮನುಷ್ಯರು ಕಾಲಿಟ್ಟು ಬಂದಿರುವ ಅತಿ ದೂರದ ನೆಲ ಆ ಕಣವೇ. 2023ರ ಆಗಸ್ಟ್ 23ರಂದು ನಮ್ಮ ದೇಶದ ಚಂದ್ರಯಾನ-3 ಇಳಿದುದೂ ಅಲ್ಲಿಯೇ, ಅದರ ದಕ್ಷಿಣ ಧ್ರುವದ ಕಡೆಗೆ. ಬಾಲಿಕೆಯರು ಈ ಸಾಸಿವೆ ಕಾಳಿನ ಸುತ್ತ ಕುಳಿತು ಬಹಳ ಹೊತ್ತು ಸುಮ್ಮನಿದ್ದರು. ತಿರುಗಿ ಕುಂಬಳಕಾಯಿಯ ಕಡೆಗೆ ನೋಡಿದರೆ ಅದು ಆಕಾಶದಲ್ಲಿ ಸೂರ್ಯನು ತೋರುವಷ್ಟೇ ಅಗಲವಾಗಿ ತೋರುತ್ತಿತ್ತು. ಅಳತೆ ಸರಿಯಾಗಿದೆಯೆಂಬುದಕ್ಕೆ ಅದೇ ಸಾಕ್ಷಿ. ಆದರೆ ಸೂರ್ಯನನ್ನು ಮಾತ್ರ ಯಾರೂ ಬರಿಗಣ್ಣಿನಿಂದ ದಿಟ್ಟಿಸಿ ನೋಡಕೂಡದೆಂದು ಅಂದೂ ಎಚ್ಚರಿಸಿದೆವು, ಇಲ್ಲಿಯೂ ಎಚ್ಚರಿಸುತ್ತೇವೆ.

ಮಂಗಳನು 36 ಮೀಟರು ದೂರದಲ್ಲಿ ಒಂದು ದಪ್ಪ ಗಸಗಸೆ ಕಾಳು. ಇಲ್ಲಿ ಒಂದು ಮಾತು ಹೇಳಲೇಬೇಕು. ಜಾತಕದಲ್ಲಿ ಈ ಗ್ರಹವು ಇಂಥ ಮನೆಯಲ್ಲಿದೆಯೆಂಬ ಕಾರಣಕ್ಕೆ, ಯಾವ ತಪ್ಪನ್ನೂ ಮಾಡದ ಹುಡುಗಿಯರು ಮದುವೆಯ ಮಾತಿನಲ್ಲಿ ತಲೆ ತಗ್ಗಿಸಿ ನಿಲ್ಲುವುದನ್ನು ನಾವು ಕಂಡಿದ್ದೇವೆ. ಯಾರ ಮನೆಯ ಹಿರಿಯರನ್ನೂ ನಾವು ಹಳಿಯುವುದಿಲ್ಲ. ಮಂಗಳನು ಏನೆಂಬುದನ್ನು ಮಾತ್ರ ಹೇಳುತ್ತೇವೆ. ಅದು ಭೂಮಿಯ ಅರ್ಧದಷ್ಟು ಅಗಲದ, ತಣ್ಣಗಿನ, ಒಣಗಿದ ಒಂದು ಗೋಳ. ಕೆಂಪಾಗಿ ಕಾಣುವುದು ಕೋಪದಿಂದಲ್ಲ. ಅದರ ಮಣ್ಣಿನಲ್ಲಿರುವ ಕಬ್ಬಿಣವು ತುಕ್ಕು ಹಿಡಿದಿರುವುದರಿಂದ. 2013ರ ನವೆಂಬರ್ 5ರಂದು ನಮ್ಮ ದೇಶದಿಂದ ಹೊರಟ ಮಂಗಳಯಾನವು 2014ರ ಸೆಪ್ಟೆಂಬರ್ 24ರಂದು ಅದರ ಸುತ್ತ ಸೇರಿತು. ಬೆಂಗಳೂರಿನ ಕೇಂದ್ರದಿಂದ ಅದನ್ನು ನಡೆಸಿದರು. ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿರುವ 32 ಮೀಟರು ಅಗಲದ ದೊಡ್ಡ ತಟ್ಟೆಯು ಅದರ ಸಂದೇಶಗಳನ್ನು ಹಿಡಿಯುತ್ತಿತ್ತು. 2022ರಲ್ಲಿ ಅದರ ಸಂಪರ್ಕ ತಪ್ಪುವವರೆಗೆ ಸುಮಾರು ಎಂಟು ವರ್ಷ ಅದು ಮಂಗಳನನ್ನು ಸುತ್ತುತ್ತ ಕೆಲಸಮಾಡಿತು. ಆ ಕೆಲಸದಲ್ಲಿ ದುಡಿದವರಲ್ಲಿ ಹಲವು ಮಂದಿ ಹೆಂಗಸರಿದ್ದರು.

ಮಂಗಳನನ್ನು ದಾಟಿದ ಮೇಲೆ ಬಾಲಿಕೆಯರ ನಡಿಗೆ ನಿಲ್ಲಲೊಲ್ಲದು. ಕ್ಷುದ್ರಗ್ರಹಗಳ ಪ್ರದೇಶವನ್ನು ಹಾದು, ಬಯಲಿನ ಆಚೆಯ ಗೋಡೆಯ ಬಳಿ 122 ಮೀಟರು ದೂರದಲ್ಲಿ ಗುರುವನ್ನು ಇಟ್ಟೆವು. ಅವನು ಒಂದು ನೆಲ್ಲಿಕಾಯಿ. ಭೂಮಿಯ ಹನ್ನೊಂದರಷ್ಟು ಅಗಲವಿದ್ದರೂ ಹತ್ತು ಗಂಟೆಗಳೊಳಗೆ ತನ್ನ ಸುತ್ತ ತಾನು ತಿರುಗುವನು. ನಿಲ್ಲಲು ಗಟ್ಟಿ ನೆಲವಿಲ್ಲ, ಎಲ್ಲ ವಾಯುವಿನ ರಾಶಿ. ಶನಿಯು ತುಸು ಚಿಕ್ಕದಾದ ಇನ್ನೊಂದು ನೆಲ್ಲಿಕಾಯಿ. 225 ಮೀಟರು ದೂರ, ಅಂದರೆ ಶಾಲೆಯ ಬಾಗಿಲಿನಿಂದ ಹೊರಗೆ ರಸ್ತೆಯ ಮೇಲೆ. ಅವನ ಉಂಗುರಗಳು ಒಂದೇ ಬಳೆಯಲ್ಲ. ಲೆಕ್ಕವಿಲ್ಲದಷ್ಟು ಹಿಮದ ತುಂಡುಗಳು ಒಟ್ಟಾಗಿ ಸುತ್ತುವ ತೆಳುವಾದ ಹಾಸು. ಶನಿಯ ದ್ರವ್ಯವು ಒಟ್ಟಿನಲ್ಲಿ ನೀರಿಗಿಂತಲೂ ಹಗುರ. ಅಜ್ಜಿಯ ಪಟ್ಟಿಯು ಇಲ್ಲಿಗೆ ಮುಗಿಯಿತು, ಬರಿಗಣ್ಣಿನ ಎಲ್ಲೆಯು ಇದೇ ಆದುದರಿಂದ.

ಮುಂದಕ್ಕೆ ನಾಲ್ಕು ಮಂದಿಯನ್ನು ಕರೆದುಕೊಂಡು ನಾವೇ ನಡೆದೆವು. 450 ಮೀಟರಿಗೆ ಯುರೇನಸ್, ಒಂದು ಕಡಲೆ ಕಾಳು. ಅದು ಪಕ್ಕಕ್ಕೆ ಮಲಗಿ ಉರುಳುವ ಹಾಗೆ 84 ವರ್ಷಗಳಿಗೆ ಒಂದು ಸುತ್ತು ಬರುತ್ತದೆ. 706 ಮೀಟರಿಗೆ ನೆಪ್ಚೂನ್, ಮತ್ತೊಂದು ಕಡಲೆ ಕಾಳು. ಅದರ ಒಂದು ಸುತ್ತಿಗೆ ಸುಮಾರು 165 ವರ್ಷ. 1846ರಲ್ಲಿ ಕಂಡ ಈ ಗ್ರಹವು ತನ್ನ ಮೊದಲನೆಯ ಸುತ್ತನ್ನು ಮುಗಿಸಿದುದು 2011ರಲ್ಲಿ. ಈ ಎರಡನ್ನೂ ಹತ್ತಿರದಿಂದ ನೋಡಿದ ನೌಕೆ ಒಂದೇ: ವಾಯೇಜರ್-2, 1986ರಲ್ಲಿ ಮತ್ತು 1989ರಲ್ಲಿ. ಇದರಾಚೆ, ಶೀತಪ್ರದೇಶದಿಂದ, ಧೂಮಕೇತುಗಳೆಂಬ ಹಿಮಧೂಳಿನ ಉಂಡೆಗಳು ಆಗಾಗ ಸೂರ್ಯನ ಕಡೆಗೆ ಬರುವುವು. ಕಾವು ತಗಲಿದಾಗ ಅವುಗಳ ಹಿಮವು ಆವಿಯಾಗಿ ಬಾಲವು ಹುಟ್ಟುವುದು. ಅವು ಉದುರಿಸಿ ಹೋದ ಧೂಳು ನಮ್ಮ ವಾಯುಮಂಡಲದಲ್ಲಿ ಉರಿದಾಗ ಉಲ್ಕೆಗಳೆನ್ನುವೆವು. ನಕ್ಷತ್ರ ಬಿತ್ತು ಎಂಬ ಮಾತುಂಟು. ಬೀಳುವುದು ನಕ್ಷತ್ರವಲ್ಲ, ಬಹುಮಟ್ಟಿಗೆ ಮರಳಿನ ಕಣದಷ್ಟೇ ಇರುವ ಧೂಳು.

ಪ್ರಶ್ನೆ ಕೇಳಿದ ಬಾಲಿಕೆ ಚಿರೋಟಿ ರವೆಯ ಒಂದೇ ಕಣವನ್ನು ಕರಿಯ ಕಾಗದದಲ್ಲಿ ಮಡಿಸಿ ಹಿಡಿದುಕೊಂಡಿದ್ದಳು. ಅದು ಪ್ಲೂಟೊ. 927 ಮೀಟರಿನಲ್ಲಿ ಕಾಗದವನ್ನು ಬಿಡಿಸಿ ತೋರಿಸಿದಳು. ಅಲ್ಲಿಂದ ಶಾಲೆಯೇ ಕಾಣುತ್ತಿರಲಿಲ್ಲ, ಕುಂಬಳಕಾಯಿಯ ಮಾತೇಕೆ? "ಟೀಚರ್, ಇಷ್ಟು ಸಣ್ಣದನ್ನು ಇಷ್ಟು ದೂರದಿಂದ ಹೇಗೆ ಕಂಡರು?" ಎಂದು ಕೇಳಿದಳು. 2006ರ ಜನವರಿಯಲ್ಲಿ, ಪ್ಲೂಟೊ ಇನ್ನೂ ಗ್ರಹವಾಗಿದ್ದಾಗ, ಭೂಮಿಯಿಂದ ಹೊರಟ ನ್ಯೂ ಹೊರೈಜನ್ಸ್ ನೌಕೆಯು 2015ರ ಜುಲೈ 14ರಂದು ಅದರ ಪಕ್ಕದಲ್ಲಿ ಹಾದುಹೋಯಿತೆಂದೂ, ಅದರ ಮೇಲೆ ಹೃದಯದಾಕಾರದ ಬಿಳಿಯ ಹಿಮದ ಬಯಲೊಂದು ಕಂಡಿತೆಂದೂ ಹೇಳಿದೆವು. ಆ ನೌಕೆಯಲ್ಲಿ ವಿದ್ಯಾರ್ಥಿಗಳು ನಿರ್ಮಿಸಿದ, ಧೂಳನ್ನು ಎಣಿಸುವ ಒಂದು ಯಂತ್ರವಿದೆ. ಅದಕ್ಕೆ ವೆನೀಷಿಯಾ ಬರ್ನಿಯ ಹೆಸರನ್ನೇ ಇಟ್ಟಿದ್ದಾರೆ. ಪಟ್ಟಿಯಿಂದ ಹೆಸರು ಹೋದುದರಿಂದ ಪ್ಲೂಟೊವಿಗೆ ಏನೂ ಕಡಿಮೆಯಾಗಲಿಲ್ಲ. ಅದು ಮೊದಲಿನಂತೆಯೇ 248 ವರ್ಷಗಳಿಗೆ ಒಂದು ಸುತ್ತು ಬರುತ್ತಿದೆ. ತಿದ್ದಿಕೊಂಡುದು ನಮ್ಮ ತಿಳಿವಳಿಕೆ ಮಾತ್ರ.

ಇದೇ ಅಳತೆಯಲ್ಲಿ ಸೂರ್ಯನ ಬಳಿಕ ನಮಗೆ ಅತಿ ಹತ್ತಿರದ ನಕ್ಷತ್ರವನ್ನು ಇಡಬೇಕಾದರೆ ಆರು ಸಾವಿರ ಕಿಲೋಮೀಟರುಗಳಿಗೂ ಆಚೆ ಹೋಗಬೇಕೆಂದು ಹೇಳಿ, ಹುಡುಗಿಯರನ್ನು ಹಿಂದಕ್ಕೆ ಕರೆತಂದೆವು. ಸಾಸಿವೆ ಕಾಳನ್ನು ಮಾತ್ರ ಆ ಗಲಾಟೆಯಲ್ಲಿ ಇರುವೆಯೊಂದು ಎಳೆದುಕೊಂಡು ಹೋಗಿತ್ತು!

ಈಗ ಆ ಬಾಲಿಕೆಗೆ ನಮ್ಮ ಉತ್ತರ. ಅಜ್ಜಿಯ ಒಂಬತ್ತು ಕಣ್ಣಿನಿಂದ ನೋಡಿ, ನಡೆಯನ್ನು ಲೆಕ್ಕಹಾಕಿ ಬಂದುದು. ಅಮ್ಮನ ಒಂಬತ್ತು 1930ರಿಂದ 2006ರವರೆಗಿನ ತಿಳಿವಳಿಕೆ. ನಿನ್ನ ಎಂಟು ಇಂದಿನದು. ಅಮ್ಮನೊಡನೆ ವಾದ ಮಾಡಬೇಡ. ಈ ಪುಟವನ್ನು ಅವರ ಕೈಗೆ ಕೊಡು. ನಮ್ಮ ಹಳೆಯ ವಿದ್ಯಾರ್ಥಿನಿಯರೇ, ನಾವು ಅಂದು ಸುಳ್ಳು ಹೇಳಲಿಲ್ಲ, ಗೊತ್ತಿದ್ದುದನ್ನು ಹೇಳಿದೆವು. ಇಂದು ಹೆಚ್ಚು ಗೊತ್ತಾಗಿದೆ. ಆದಕಾರಣ ನಿಮ್ಮ ಮಕ್ಕಳ ಎದುರಿನಲ್ಲಿ ನಮ್ಮ ಹೆಸರನ್ನು ಹಿಡಿದು ಒಂಬತ್ತೆಂದು ಸಾಧಿಸಬೇಡಿರಿ. ನಾವು ಕಲಿಸಿದುದನ್ನು ನಿಮ್ಮ ಮಕ್ಕಳು ತಿದ್ದಿದರೆ ನಮಗೆ ಬೇಸರವಿಲ್ಲ. ಅವರು ನೋಡದೆಯೇ ನಂಬಿದರೆ ಬೇಸರವುಂಟು.

ಈ ಸಂಚಿಕೆಯನ್ನು ಓದಿದ ಸಂಜೆ ಮೋಡವಿಲ್ಲದಿದ್ದರೆ ಅಂಗಳಕ್ಕೆ ಬನ್ನಿರಿ. ಸೂರ್ಯಚಂದ್ರರು ಸಾಗುವ ಹಾದಿಯಲ್ಲಿ ಮಿನುಗದೆ ಸ್ಥಿರವಾಗಿ ಬೆಳಗುವ ಚುಕ್ಕೆಯೊಂದಿದ್ದರೆ, ಅದರ ನೆರೆಯ ನಕ್ಷತ್ರಗಳನ್ನು ಒಂದು ಕಾಗದದ ಮೇಲೆ ಗುರುತುಮಾಡಿಕೊಳ್ಳಿರಿ. ಹದಿನೈದು ದಿನಗಳ ಮೇಲೆ ಮತ್ತೆ ನೋಡಿರಿ. ಚುಕ್ಕೆಯು ಸ್ಥಳ ಬಿಟ್ಟು ಸರಿದಿದ್ದರೆ ಅದು ಗ್ರಹ. ಅಜ್ಜಿಯನ್ನೂ ಅಮ್ಮನನ್ನೂ ಅಂಗಳಕ್ಕೆ ಕರೆಯುವುದನ್ನು ಮರೆಯಬೇಡಿರಿ.